ಚುನೊಕ್‌ಗೆ ಅರವತ್ತು

ಬೂಸಾನ್, ೧೯೯೭ ಮಾರ್ಚ್ ೨

ಅಕ್ಕಾ,

ಈ ಸಲ ಯಾವ ದೇಶದ ಹೋಟೆಲಿನ ಕಾಗದವೂ ಅಲ್ಲ, ಮನೆಯ ಕಾಗದದ ಮೇಲೆಯೇ ಬರೆಯುತ್ತಿದ್ದೇನೆ. ಫೋನ್ ಮಾಡಿ ಪ್ರಯೋಜನವಿಲ್ಲ. ಚಿಪ್ಪು, ಸೊಪ್ಪು ಹೆಕ್ಕಲು ಐವತ್ತು ವರ್ಷ ಕಡಲಲ್ಲಿ ಮುಳುಗಿ ಮುಳುಗಿ ನಿನ್ನ ಕಿವಿಯನ್ನು ಅಲ್ಲೇ ತಳದಲ್ಲಿ ಬಿಟ್ಟು ಬಂದಿದ್ದೀಯ. ಪಕ್ಕದ ಮನೆಯವಳು ಫೋನ್ ಹಿಡಿದುಕೊಂಡು ನಿನ್ನ ಪರವಾಗಿ ಕಿರುಚುವುದಕ್ಕಿಂತ, ಮೂರು ವರ್ಷದ ಹಿಂದೆ ಊರಿನ ಮುದುಕಿಯರ ಜೊತೆ ಕೂತು ನೀನು ಕಲಿತ ಅಕ್ಷರವೇ ವಾಸಿ. ಸೊಟ್ಟಗಿದ್ದರೂ ಓದಬಹುದು.

ವಿಷಯ ಇಷ್ಟು. ಏಪ್ರಿಲ್ ಒಂಬತ್ತಕ್ಕೆ, ಅಂದರೆ ನಮ್ಮ ಲೆಕ್ಕದ ಮೂರನೇ ತಿಂಗಳ ಮೂರನೇ ದಿನಕ್ಕೆ, ನನಗೆ ಅರವತ್ತು ತುಂಬುತ್ತದೆ. ಎತ್ತಿನ ವರ್ಷದಿಂದ ಎತ್ತಿನ ವರ್ಷಕ್ಕೆ ಸುತ್ತು ಮುಗಿಯಿತು. ಶೂ ಫ್ಯಾಕ್ಟರಿಯವರು ಉಡುಗೊರೆ ಕೊಡುತ್ತಾರಂತೆ. ಮ್ಯಾನೇಜರ್ ಕರೆದು ಕೇಳಿದ, “ಲೋಕ ಎಲ್ಲ ಸುತ್ತಿ ಬಂದೋರು ನೀವು. ಇನ್ನೆಲ್ಲಿಗೆ ಕಳಿಸೋಣ ಹೇಳಿ?” ನಾನು ಸಿಯೋಲ್‌ಗೆ ಅಂದೆ. ಇಡೀ ಆಫೀಸು ನಕ್ಕಿತು. ಆದರೆ ನಿಜ ಅಕ್ಕಾ, ಇಪ್ಪತ್ತೆಂಟು ವರ್ಷ ಸಿಯೋಲಿನ ವಿಮಾನ ನಿಲ್ದಾಣದಲ್ಲಿ ಇಳಿದಿದ್ದೇನೆ, ಹತ್ತಿದ್ದೇನೆ, ಬೆಂಚಿನ ಮೇಲೆ ಮಲಗಿದ್ದೇನೆ. ಗಾಜಿನ ಬಾಗಿಲು ದಾಟಿ ಊರೊಳಗೆ ಕಾಲಿಟ್ಟಿಲ್ಲ.

ಮಾದರಿ ಶೂಗಳನ್ನೆಲ್ಲ ಒಂದೇ ಅಳತೆಗೆ ಹೊಲಿಯುತ್ತಾರೆ, ಆ ಅಳತೆ ನನ್ನ ಕಾಲಿನದು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನನ್ನನ್ನು ಎಬ್ಬಿಸಿ, ಶೂ ಹಾಕಿಸಿ, ಹೊರದೇಶದ ವ್ಯಾಪಾರಿಗಳ ಎದುರು ಹಿಂದೆ ಮುಂದೆ ನಡೆಸಿದರು. ಮುಖ ಯಾರೂ ನೋಡಲಿಲ್ಲ. ಕಾಲು ನೋಡಿ ದೇಶ ದೇಶಕ್ಕೆ ಕಳಿಸಿದರು, ಕಾಲಿನ ಹಿಂದೆ ನಾನೂ ಹೋದೆ.

ನೀನೂ ಬಾ. ಜೇಜುವಿನಿಂದ ಸಿಯೋಲ್‌ಗೆ ಒಂದು ಗಂಟೆ, ಟಿಕೆಟ್ ನಾನು ಕಳಿಸುತ್ತೇನೆ. ನೀನು ವಿಮಾನ ಹತ್ತಿಲ್ಲ ಎಂದರೆ ನನ್ನ ಮರ್ಯಾದೆ ಹೋಗುತ್ತದೆ. ನೀನು ಬರದಿದ್ದರೂ ಚಿಂತೆಯಿಲ್ಲ, ಗೆಳತಿಯರು ನಾಲ್ಕೈದು ಜನ ಜೊತೆಗಿರುತ್ತಾರೆ.

ನಿನ್ನ
ಚುನೊಕ್


ಜೇಜು ದ್ವೀಪ, ಮಾರ್ಚ್ ೧೧

ದಲ್ಲೆ,

ನಿನ್ನ ಕಾಗದ ಬಂತು. ನಾನು ಬರುವುದಿಲ್ಲ. ಕಡಲಸೊಪ್ಪು ಕೊಯ್ಯುವ ಕಾಲ. ಮೊಣಕಾಲು ನೋವು.

ನೀನೂ ಹೋಗಬೇಡ. ಈ ವರ್ಷ ಅರವತ್ತರ ಊಟ ಹಾಕಿಸಬೇಡ. ಮೂರು ವರ್ಷ ಬಿಟ್ಟು ಮಾಡೋಣ, ನಾನೇ ಮಾಡುತ್ತೇನೆ, ಹಂದಿ ಕಡಿಸುತ್ತೇನೆ. ಆ ದಿನ ನನ್ನ ಹತ್ತಿರ ಬಂದು ಇರು. ಯಾಕೆ ಎಂದು ಕೇಳಬೇಡ. ಬರೆಯುವುದಕ್ಕೆ ಬರುವುದಿಲ್ಲ.

ಅಕ್ಕ


ಬೂಸಾನ್, ಮಾರ್ಚ್ ೧೯

ಅಕ್ಕಾ,

ಮೂರು ವರ್ಷ ಬಿಟ್ಟು ಅರವತ್ತು ಆಚರಿಸುವವರನ್ನು ನಾನು ಲೋಕದಲ್ಲೆಲ್ಲೂ ನೋಡಿಲ್ಲ. ನಾನು ಲೋಕ ನೋಡಿದವಳು, ನೆನಪಿರಲಿ. ನಿನ್ನ ಅರವತ್ತಕ್ಕೆ ಮಳೆ ಬಂದು ಊಟ ಕೆಟ್ಟಿತು, ಅದಕ್ಕೆ ನನ್ನದೂ ಬೇಡವೇ? ನನಗೆ ಸಿಟ್ಟು ಬಂದಿದೆ, ಮುಚ್ಚಿಟ್ಟುಕೊಳ್ಳುವುದಿಲ್ಲ.

ನೀನು ಮೊದಲಿನಿಂದಲೂ ಹೀಗೆಯೇ. ಊರಿನ ಮಕ್ಕಳೆಲ್ಲ ಅಕ್ಕಂದಿರ ಕೈ ಹಿಡಿದುಕೊಂಡು ಬಂಡೆಗಳ ಹತ್ತಿರ ಹೋಗುತ್ತಿದ್ದರು. ನೀನು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಕಲ್ಲಿಗೆ ಬಿಗಿಯುತ್ತಿದ್ದೆ, ಆಡಿನ ಹಾಗೆ. “ದಲ್ಲೆ ಮೇವು ತಿಂದ್ಲಾ?” ಎಂದು ಹುಡುಗರು ಅಣಕಿಸುತ್ತಿದ್ದರು. ಹುಟ್ಟಿದ ದಿನಕ್ಕೆಂದು ಅಮ್ಮ ಕಡಲಸೊಪ್ಪಿನ ಸಾರು ಮಾಡಿ ಎರಡು ಬಟ್ಟಲಿಗೆ ಬಡಿಸುತ್ತಿದ್ದಳು, ಒಂದು ನನಗೆ, ಒಂದು ಹೊರಗಿನ ಕಲ್ಲುಗೋಡೆಯ ಮೇಲೆ. ಆ ಎರಡನೆಯದನ್ನು ನೀನೇ ಕುಡಿಯುತ್ತೀಯ ಎಂದು ನಾನು ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಅಮ್ಮನಿಗೋ ಮರೆವು. ಚಳಿಗಾಲದಲ್ಲಿ ಒಂದು ದಿನ ಸುಮ್ಮಸುಮ್ಮನೆ ಮತ್ತೆ ಅದೇ ಸಾರು ಮಾಡಿ, ಕದ ಹಾಕಿಕೊಂಡು, ನನಗೊಬ್ಬಳಿಗೇ ತಿನ್ನಿಸುತ್ತಿದ್ದಳು.

ಇನ್ನೊಂದು ಮಾತು. ನೀನು ಅಕ್ಷರ ಕಲಿತು ನನಗೆ ಬರೆದದ್ದು ಇಪ್ಪತ್ತಕ್ಕೂ ಹೆಚ್ಚು ಕಾಗದ. ಒಂದರಲ್ಲೂ ಚುನೊಕ್ ಎಂದು ಬರೆದಿಲ್ಲ. ಯಾವಾಗಲೂ ದಲ್ಲೆ. ದಾರಿ ಬದಿಯ ಕಾಡು ಈರುಳ್ಳಿಯ ಹೆಸರು. ಲಕೋಟೆಯ ಮೇಲಿನ ಹೆಸರನ್ನೂ ಅಂಚೆಯವನ ಕೈಲೇ ಬರೆಸುತ್ತೀಯ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ನನಗೊಂದು ಹೆಸರಿದೆ. ನನ್ನ ನಾಲ್ಕು ಪಾಸ್‌ಪೋರ್ಟ್‌ಗಳ ತುಂಬ ಎಷ್ಟೋ ದೇಶದವರು ಆ ಹೆಸರಿನ ಪಕ್ಕ ಮುದ್ರೆ ಒತ್ತಿದ್ದಾರೆ. ನಿನಗೆ ಮಾತ್ರ ಬಾಯಿಗೆ ಬರುವುದಿಲ್ಲ.

ಒಂಬತ್ತರ ಬೆಳಗಿನ ವಿಮಾನಕ್ಕೆ ಹೋಗುತ್ತೇನೆ.

ಹ್ಯೊನ್ ಚುನೊಕ್


ಜೇಜು ದ್ವೀಪ, ಮಾರ್ಚ್ ೨೭

ದಲ್ಲೆ,

ಈ ಡಬ್ಬಿಯಲ್ಲಿ ಒಣ ಸೊಪ್ಪು ಇದೆ. ನಾನೇ ಕೊಯ್ದದ್ದು. ಹೋಗಲೇಬೇಕಾದರೆ ಹಿಂದಿನ ದಿನ ಹೋಗು. ಒಂಬತ್ತರಂದು ಆಕಾಶದಲ್ಲಿ ಇರಬೇಡ. ನೆಲದ ಮೇಲೆ ಇರು. ಯಾರೂ ಆ ಹೆಸರು ಕೂಗಿ ಹರಸದ ಹಾಗೆ ನೋಡಿಕೋ. ಸಾರು ಮಾಡಿಸಿ ಎರಡು ಬಟ್ಟಲಿಗೆ ಹಾಕಿಸು.

ಎರಡನೆಯದನ್ನು ನಾನು ಒಂದು ದಿನವೂ ಕುಡಿದಿಲ್ಲ.

ನನ್ನ ಮಾತು ಕೇಳದಿದ್ದರೆ ನಿನ್ನನ್ನು ಕಳೆದುಕೊಳ್ಳುತ್ತೇನೆ ಎಂದು ಭಯ. ನಾನು ತಮಾಷೆಗೆ ಬರೆಯುವವಳಲ್ಲ, ನಿನಗೆ ಗೊತ್ತು.

ಅಕ್ಕ


ಸಿಯೋಲ್, ಏಪ್ರಿಲ್ ೧೦, ಬೆಳಿಗ್ಗೆ

ಅಕ್ಕಾ,

ಹಟಕ್ಕೆ ಒಂಬತ್ತರಂದೇ ಹಾರಿದೆ. ಬದುಕಿದ್ದೇನೆ, ಮೊದಲು ಅದನ್ನು ಓದಿಕೊಂಡು ನೀರು ಕುಡಿ. ಮಿಕ್ಕಿದ್ದನ್ನು ನಿಧಾನವಾಗಿ ಓದು, ನನಗೂ ನಿಧಾನವಾಗಿಯೇ ಬರೆಯಬೇಕಾಗಿದೆ.

ವಿಮಾನದಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಇದು ಹೊಸದಲ್ಲ. ಫ್ಯಾಕ್ಟರಿಯ ಗಂಡಸರು ಮೊದಲಿನಿಂದಲೂ ಆಡಿಕೊಳ್ಳುತ್ತಿದ್ದರು, “ಚುನೊಕಮ್ಮನ ಪಕ್ಕ ಯಾವ ಧೈರ್ಯವಂತನೂ ಕೂರಲ್ಲ ಬಿಡ್ರೋ!” ಎಂದು. ನಾನೂ ಕೈಚೀಲ ಇಡುವುದಕ್ಕೆ ಅನುಕೂಲವಾಯಿತು ಎಂದುಕೊಂಡಿದ್ದೆ. ನಿನ್ನೆ ಮಾತ್ರ ಎಣಿಸಿದೆ. ವಿಮಾನ ಪೂರ್ತಿ ಶಾಲೆಯ ಹುಡುಗಿಯರು, ಟಿಕೆಟ್ ಸಿಗದೆ ಇಬ್ಬರು ಕೆಳಗೇ ಉಳಿದರು ಎಂದು ಅವರ ಮೇಷ್ಟ್ರು ಗೋಳಾಡುತ್ತಿದ್ದ. ಖಾಲಿ ಇದ್ದದ್ದು ಆ ಒಂದೇ. ಗಗನಸಖಿ ಪೆಪ್ಪರ್‌ಮಿಂಟ್ ತಟ್ಟೆ ಹಿಡಿದು ಬಂದಳು. ನನಗೊಂದು ಕೊಟ್ಟಳು, ನನ್ನ ಪಕ್ಕದ ಮೇಜಿನ ಮೇಲೊಂದು ಇಟ್ಟು ಹೋದಳು.

ಮಧ್ಯಾಹ್ನ ನಾಮ್‌ದೆಮುನ್ ಮಾರುಕಟ್ಟೆಗೆ ಹೋದೆ. ಮೆಟ್ಟಿಲ ಹತ್ತಿರ ಒಬ್ಬ ಮುದುಕ ಪಂಚಾಂಗ ಹರಡಿಕೊಂಡು ಭವಿಷ್ಯ ಹೇಳುತ್ತಿದ್ದ. ಅರವತ್ತು ತುಂಬಿದ ದಿನ, ನೋಡಿಸೋಣ ಎಂದು ಕೂತೆ. “ಎತ್ತಿನ ವರ್ಷ, ಮೂರನೇ ತಿಂಗಳು, ಮೂರನೇ ದಿನ” ಎಂದೆ. ಬೆರಳ ಗೆಣ್ಣುಗಳ ಮೇಲೆ ಎಣಿಸಿದ. ಮತ್ತೆ ಎಣಿಸಿದ. ಕನ್ನಡಕ ತೆಗೆದು ನನ್ನನ್ನು ನೋಡಿದ.

“ಇದು ಯಾರದಮ್ಮಾ?”

“ನಂದೇ.”

“ಮುದುಕನ ಹತ್ರ ಆಟ ಆಡ್ಬೇಡಿ. ಇದು ನಾಲ್ಕನೇ ವರ್ಷಕ್ಕೇ ನಿಂತೋಗಿದೆ. ನೀರು. ಸತ್ತ ಮಗೂದು ತಂದು ನನ್ನ ಕೈಲಿ ಯಾಕೆ ಓದಿಸ್ತೀರಿ?”

ನಾನು ಕೊಟ್ಟ ನೋಟನ್ನು ಮಡಿಸಿ ನನ್ನ ಮಡಿಲಿಗೇ ಹಾಕಿದ. ಸುತ್ತ ನಿಂತಿದ್ದವರು ನನ್ನನ್ನೇ ನೋಡಿದರು. ನಾನು ನಕ್ಕು ಎದ್ದೆ. ಮೋಸಗಾರನಾಗಿದ್ದರೆ ದುಡ್ಡು ವಾಪಸು ಕೊಡುತ್ತಿರಲಿಲ್ಲ ಎಂದು ಹೊಳೆದಿದ್ದು ನಾಲ್ಕು ಅಂಗಡಿ ದಾಟಿದ ಮೇಲೆ.

ಆಮೇಲೆ ನಾನು ಮಾಡಿದ್ದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ಒಂದು ಹಳೆಯ ಅಂಗಡಿಯಲ್ಲಿ ಬಿಳಿ ರಬ್ಬರ್ ಶೂ ತೂಗುಹಾಕಿದ್ದರು, ನಾವು ಚಿಕ್ಕವರಿದ್ದಾಗ ಹಾಕುತ್ತಿದ್ದಂಥದ್ದು, ಮೂತಿ ಮೇಲಕ್ಕೆ ತಿರುಗಿದ್ದು. “ಮೊಮ್ಮಗಳಿಗಾ?” ಎಂದಳು ಅಂಗಡಿಯವಳು. ನನಗೆ ಮಕ್ಕಳೇ ಇಲ್ಲ. “ಹೂಂ, ಮೂರು ವರ್ಷ” ಎಂದಿತು ನನ್ನ ಬಾಯಿ. ಕಟ್ಟಿಸಿಕೊಂಡು ಬಂದೆ.

ಸಂಜೆ ಹೋಟೆಲಿನ ಕೋಣೆಯಲ್ಲಿ ಪೊಟ್ಟಣ ಬಿಚ್ಚಿದೆ. ಒಂದೇ ಶೂ ಇತ್ತು. ಎಡಗಾಲಿನದು. ಅಕ್ಕಾ, ನಾನು ಇಪ್ಪತ್ತೆಂಟು ವರ್ಷ ಜೋಡಿ ನೋಡಿ ನೋಡಿ ಕಣ್ಣು ಸವೆಸಿದವಳು. ಇವತ್ತು ಬೆಳಿಗ್ಗೆ ಅಂಗಡಿಗೆ ಓಡಿದೆ. “ನಿಮ್ಮ ಕಣ್ಣೆದುರಿಗೇ ಎರಡನ್ನೂ ಸುತ್ತಿ ಕೊಟ್ಟಿದೀನಲ್ಲ ತಾಯಿ! ನೀವೇ ಮುಟ್ಟಿ ನೋಡಿದ್ರಿ!” ಎಂದು ಅವಳು ಜಗಳಕ್ಕೇ ಬಂದಳು. ಹೌದು, ನಾನೇ ಮುಟ್ಟಿ ನೋಡಿದ್ದೆ.

ನೀನು ಕಳಿಸಿದ ಸೊಪ್ಪನ್ನು ನಿನ್ನೆ ರಾತ್ರಿಯೇ ಹೋಟೆಲಿನ ಅಡುಗೆಮನೆಗೆ ಕೊಟ್ಟು ಸಾರು ಮಾಡಿಸಿದೆ. ಎರಡು ಬಟ್ಟಲು ಹೇಳಿದೆ. “ಇನ್ನೊಬ್ಬರು ಬರೋರಿದಾರಾ ಮೇಡಂ?” ಎಂದ ತಂದವನು. ಗೊತ್ತಿಲ್ಲ ಎಂದೆ. ಅವನು ಹೋದ ಮೇಲೆ ಎದುರಿನ ಕುರ್ಚಿ ನನಗೆ ತುಂಬ ತಗ್ಗಾಗಿ ಕಂಡಿತು. ಎರಡು ದಿಂಬು ತಂದು ಅದರ ಮೇಲೆ ಇಟ್ಟೆ. ಯಾರಿಗೆ ಇಟ್ಟೆ?

ನಿನಗೆ ಗೊತ್ತಿದೆ. ಹೇಳು.

ಚುನೊಕ್


ಜೇಜು ದ್ವೀಪ, ಏಪ್ರಿಲ್ ೯

ದಲ್ಲೆ,

ಬಂಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ಏಳು ವಿಮಾನ ಹೋದವು. ಬೂಸಾನಿನಿಂದ ಸಿಯೋಲ್‌ಗೆ ಹೋಗುವುದು ನಮ್ಮ ಕಡಲ ಮೇಲೆ ಬರುವುದಿಲ್ಲ ಎಂದು ಅಂಚೆಯವನು ಹೇಳಿದ. ಆದರೂ ಪ್ರತಿ ಸಲ ತಲೆ ಎತ್ತಿದೆ. ಬೂಸಾನ್ ವಿಳಾಸಕ್ಕೆ ಹಾಕುತ್ತೇನೆ. ನೀನು ಬದುಕಿ ಬಂದರೆ ಓದುತ್ತೀಯ. ಬರದಿದ್ದರೆ ಇನ್ನು ಯಾರಿಗೆ ಮುಚ್ಚಿಡಲಿ.

ಚುನೊಕ್ ನೀನಲ್ಲ.

ನನಗೂ ನಿನಗೂ ನಡುವೆ ಒಬ್ಬಳಿದ್ದಳು. ಎತ್ತಿನ ವರ್ಷ, ಮೂರನೇ ತಿಂಗಳ ಮೂರನೇ ದಿನ ಹುಟ್ಟಿದವಳು. ಹೆಸರು ಬರೆಸಿದ್ದು ಅವಳಿಗೆ. ದುಂಡು ಮುಖ, ಮಾತು ಜಾಸ್ತಿ. ಅವಳಿಗೆ ಮೂರು ತುಂಬಿತ್ತು, ನನಗೆ ಹನ್ನೊಂದು. ಅಮ್ಮ ತುಂಬಿದ ಬಸುರಿ, ಹೊಟ್ಟೆಯಲ್ಲಿ ನೀನು. ಆದರೂ ಕಡಲಿಗೆ ಇಳಿಯುತ್ತಿದ್ದಳು. ಎಲ್ಲರೂ ಇಳಿಯುತ್ತಿದ್ದರು. “ತಂಗಿ ಕೈ ಬಿಡ್ಬೇಡ” ಎಂದು ಹೇಳಿ ಇಳಿದಳು.

ನಾನು ಬಿಟ್ಟೆ. ಒಂದು ದೊಡ್ಡ ಚಿಪ್ಪು ಕಂಡಿತು. ಅದನ್ನು ಎಬ್ಬಿಸುವುದಕ್ಕೆ ಎರಡು ಕೈ ಬೇಕಿತ್ತು. ತಿರುಗಿ ನೋಡಿದಾಗ ಬಂಡೆಯ ಮೇಲೆ ಒಂದು ರಬ್ಬರ್ ಶೂ ಇತ್ತು. ಬಲಗಾಲಿನದು. ಅವಳು ಇರಲಿಲ್ಲ. ಮೂರನೇ ದಿನ ಸಿಕ್ಕಳು.

ನಲವತ್ತನೇ ದಿನ ನೀನು ಹುಟ್ಟಿದೆ. ಹತ್ತನೇ ತಿಂಗಳ ಹನ್ನೆರಡು, ಡ್ರ್ಯಾಗನ್ ವರ್ಷ. ನಿನಗೆ ಇನ್ನೂ ಐವತ್ತಾರು ದಲ್ಲೆ, ಚಳಿಗಾಲಕ್ಕೆ ಐವತ್ತೇಳು. ಕದ ಹಾಕಿಕೊಂಡು ಅಮ್ಮ ಕೊಡುತ್ತಿದ್ದ ಸಾರು ನಿನ್ನದು. ಅಮ್ಮನಿಗೆ ಮರೆವು ಇರಲಿಲ್ಲ. ಕಚೇರಿಗೆ ಹೋಗಿ ಆ ಮಗು ಸತ್ತಿತು ಎಂದು ಬರೆಸುವುದಕ್ಕೆ ಅವಳ ಕಾಲು ಏಳಲಿಲ್ಲ. ಅಳಿಸದೆ ಉಳಿದ ಹೆಸರಿಗೆ ನಿನ್ನನ್ನು ಹಾಕಿದರು. ಆಗ ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹಾಗೆ ಮಾಡುತ್ತಿದ್ದರು, ಯಾರೂ ತಪ್ಪು ಎನ್ನುತ್ತಿರಲಿಲ್ಲ.

ಆದರೆ ಅಮ್ಮ ಹೆದರಿದಳು. ಮೈಮೇಲೆ ಬರುವವಳನ್ನು ಕರೆಸಿ ಇದೇ ಬಂಡೆಯ ಮೇಲೆ ಅಕ್ಕಿ ಚೆಲ್ಲಿ ಕೇಳಿದಳು. “ಚುನೊಕ್, ನನ್ನ ಕಂದ, ಹೆಸರು ತಂಗಿಗೆ ಎರವಲು ಕೊಡು. ಅರವತ್ತರ ಸುತ್ತು ಮುಗಿದ ದಿನ ವಾಪಸು ಕೊಡ್ತೀವಿ.” ನಾನು ಅಲ್ಲೇ ನಿಂತಿದ್ದೆ. ಆ ಮಾತು ಕೇಳಿದವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ. ಹೆಸರು ವಾಪಸು ಕೇಳುವುದಕ್ಕೆ ಬಂದವಳು ಹೆಸರು ಇಟ್ಟುಕೊಂಡವಳನ್ನೂ ಕರೆದುಕೊಂಡು ಹೋದರೆ? ಇದೇ ನನ್ನ ಭಯ. ಮೂರು ವರ್ಷದ ಮಗುವಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತದೆಯೇ?

ಅಮ್ಮ ನನ್ನನ್ನು ಒಂದು ದಿನವೂ ಬೈಯಲಿಲ್ಲ. ನೀನು ಹುಟ್ಟಿದಾಗ ನನ್ನ ತೊಡೆಯ ಮೇಲೆ ಹಾಕಿ “ಇವಳನ್ನಾದ್ರೂ ಹಿಡ್ಕೋ” ಎಂದಳು, ಅಷ್ಟೇ. ನನಗೆ ನನ್ನ ಕೈ ಮೇಲೆ ನಂಬಿಕೆ ಇರಲಿಲ್ಲ. ಅದಕ್ಕೆ ಹಗ್ಗ.

ಆ ಶೂ ನನ್ನ ಪೆಟ್ಟಿಗೆಯಲ್ಲಿದೆ.

ಗಾಪ್‌ಸುನ್


ಬೂಸಾನ್, ಏಪ್ರಿಲ್ ೧೮

ಅಕ್ಕಾ,

ಕಾಗದ ಬಂತು. ನನ್ನದೂ ನಿನಗೆ ಸೇರಿರಬೇಕು.

ಐವತ್ತಾರು ವರ್ಷ. ಎತ್ತಿನ ವರ್ಷದವಳು ಎಂದು ಜಾತಕ ನೋಡಿ ನನಗೆ ಮದುವೆ ಮಾಡಿದಿರಿ. ಹೊಂದಲಿಲ್ಲ ಎಂದು ಅವನು ಬಿಟ್ಟು ಹೋದಾಗ ನಾನೇ ಕೆಟ್ಟವಳು ಎಂದುಕೊಂಡೆ. ನೀನು ಪಕ್ಕದಲ್ಲೇ ಕೂತು ಸಿಪ್ಪೆ ಸುಲಿಯುತ್ತಿದ್ದೆ.

ಗೆಳತಿಯರು ಯಾರೂ ಬಂದಿರಲಿಲ್ಲ. ಸುಳ್ಳು ಬರೆದಿದ್ದೆ. ಸಿಯೋಲ್ ಟಿಕೆಟ್ಟು ಉಡುಗೊರೆಯೂ ಅಲ್ಲ, ಬೀಳ್ಕೊಡುಗೆ. ಫ್ಯಾಕ್ಟರಿ ಮುಚ್ಚುತ್ತಿದೆ, ಅರವತ್ತಾದವರನ್ನು ಮೊದಲು ಮನೆಗೆ ಕಳಿಸಿದರು. ನನಗೆ ಅರವತ್ತಾಗಿಲ್ಲ ಎಂದು ಈಗ ಹೋಗಿ ಹೇಳಲೇ? ಯಾವ ಹೆಸರಿನಲ್ಲಿ ಹೇಳಲಿ?

ಸ್ವಲ್ಪ ಕಾಲ ಬರೆಯಬೇಡ.


ಜೇಜು ದ್ವೀಪ, ಜೂನ್ ೬

ದಲ್ಲೆ,

ಬೈದಾದರೂ ಬರೆ.

ಅಕ್ಕ


ಜೇಜು ದ್ವೀಪ, ಆಗಸ್ಟ್ ೨೩

ದಲ್ಲೆ,

ಪಕ್ಕದ ಮನೆಯವಳು ನಿನಗೆ ಫೋನ್ ಮಾಡಿದಳಂತೆ. ಯಾರೋ ಎತ್ತಿದರಂತೆ, ಮಾತಾಡಲಿಲ್ಲವಂತೆ. ಎತ್ತಿದ್ದು ನೀನೇ ತಾನೆ? ನೀನೇ ಎಂದು ಒಂದು ಸಾಲು ಬರೆ.

ನಿನ್ನ ಪೊಟ್ಟಣದಲ್ಲಿ ಉಳಿದದ್ದು ಎಡಗಾಲಿನದು ಎಂದು ಓದಿದ ದಿನದಿಂದ ನಾನು ಕಡಲಿಗೆ ಇಳಿದಿಲ್ಲ. ಎಲ್ಲರೂ ಮುಪ್ಪು ಎನ್ನುತ್ತಾರೆ. ನಾನೂ ಹೌದು ಎನ್ನುತ್ತೇನೆ.

ಅಕ್ಕ


ಬೂಸಾನ್, ನವೆಂಬರ್ ೩

ಅಕ್ಕಾ,

ಫೋನ್ ಎತ್ತಿದ್ದು ನಾನೇ. ಅವಳು “ಚುನೊಕಾ? ಚುನೊಕಾ?” ಎಂದು ಕೂಗುತ್ತಿದ್ದಳು. ಹೌದು ಎನ್ನಲು ಬಾಯಿ ಬರಲಿಲ್ಲ, ಅಲ್ಲ ಎನ್ನಲೂ ಬರಲಿಲ್ಲ.

ನಿನ್ನ ಮೇಲಿನ ಸಿಟ್ಟು ಇಳಿಯುವುದಕ್ಕೆ ಇಷ್ಟು ದಿನ ಬೇಕಾಯಿತು. ಪೂರ್ತಿ ಇಳಿದಿಲ್ಲ, ಎದುರಿಗೆ ಬಂದು ಮಿಕ್ಕಿದ್ದನ್ನು ಬೈಯುತ್ತೇನೆ. ಆದರೆ ಒಂದು ವಿಷಯ ನನ್ನನ್ನು ಬಿಡಲಿಲ್ಲ. ಬಂಡೆಯ ಮೇಲೆ ನಿಂತ ಹನ್ನೊಂದು ವರ್ಷದ ಹುಡುಗಿ. ನೀನು ಅರವತ್ತೆಂಟರ ಮುದುಕಿ, ಅವಳಿನ್ನೂ ಅಲ್ಲೇ ಚಿಪ್ಪು ಹಿಡಿದುಕೊಂಡು ನಿಂತಿದ್ದಾಳೆ. ಅವಳನ್ನು ಬೈಯುವುದಕ್ಕೆ ನನ್ನಿಂದ ಆಗಲಿಲ್ಲ.

ಹೆಸರು ವಾಪಸು ಕೊಡೋಣ ಎಂದು ಕಚೇರಿಗೂ ಹೋಗಿದ್ದೆ. ಗುಮಾಸ್ತನಿಗೆ ಎಲ್ಲ ಹೇಳಿದೆ. ಚಿಕ್ಕ ವಯಸ್ಸಿನವನು, ಒಳ್ಳೆಯವನು. ಕಡತ ನೋಡಿ ತಲೆ ಕೆರೆದುಕೊಂಡ. “ಅಮ್ಮಾ, ಅವರು ತೀರಿಹೋದ್ರು ಅಂತ ನಾನು ಬರೆದ್ರೆ, ನೀವು ಹುಟ್ಟೇ ಇಲ್ಲ ಅಂತ ಆಗುತ್ತೆ. ಕೋರ್ಟಿಗೆ ಹೋಗ್ಬೇಕು. ಇರ್ಲಿ ಬಿಡಿ, ಅವರೇನು ಬಂದು ಕೇಳ್ತಾರಾ?” ಎಂದ. ಅವನ ಮೇಜಿನ ಮುಂದೆ ಎರಡು ಕುರ್ಚಿ ಇದ್ದವು. ನನ್ನ ಹಿಂದೆ ಬಂದವರು ಖಾಲಿ ಇದ್ದದ್ದರಲ್ಲಿ ಕೂರದೆ ನಿಂತೇ ಇದ್ದರು.

ಅಕ್ಕಾ, ನೀನು ಹೆದರಿದ ಹಾಗೆ ಅವಳು ನನ್ನನ್ನು ಕರೆದುಕೊಂಡು ಹೋಗಲು ಬಂದಿಲ್ಲ. ಅಷ್ಟು ಹಾರಾಟದಲ್ಲಿ ಒಂದು ಸಲವಾದರೂ ಕರೆಯುತ್ತಿದ್ದಳು, ಬೇಕಾದಷ್ಟು ಅವಕಾಶ ಇತ್ತು. ಅವಳು ಸುಮ್ಮನೆ ಜೊತೆಗೆ ಬಂದಳು. ಅವಳ ಹೆಸರಿನ ಟಿಕೆಟ್ಟಲ್ಲವೇ, ಅವಳ ಸೀಟೂ ಒಂದಿತ್ತು. ಮೋಡ ನೋಡಿದಳು, ಪೆಪ್ಪರ್‌ಮಿಂಟ್ ಸಿಕ್ಕಿತು. ಆದರೆ ಇಡೀ ಲೋಕ ಸುತ್ತಿದ ಮಗುವನ್ನು ಇವತ್ತಿನವರೆಗೂ ಯಾರೂ ಮನೆಗೆ ಕರೆತಂದಿಲ್ಲ. ನಾನು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದೆ. ಅವಳನ್ನು ಬಾಗಿಲಲ್ಲಿ ಬಾ ಎಂದವರಿಲ್ಲ.

ಹತ್ತನೇ ತಿಂಗಳ ಹನ್ನೆರಡು ಈ ವರ್ಷ ನವೆಂಬರ್ ಹನ್ನೊಂದಕ್ಕೆ ಬೀಳುತ್ತದೆ. ನಾನು ಹುಟ್ಟಿದ ದಿನ. ಆ ಬೆಳಿಗ್ಗೆ ಬರುತ್ತೇನೆ, ವಿಮಾನದಲ್ಲಿ ಅಲ್ಲ. ವಿಮಾನದ ಟಿಕೆಟ್ಟಿಗೆ ಅವಳ ಹೆಸರೇ ಬೇಕು, ಇನ್ನು ಅದನ್ನು ನಾನು ಬಳಸುವುದಿಲ್ಲ. ಹಡಗಿನ ಚೀಟಿಯಲ್ಲಿ ಹೆಸರನ್ನು ನಾವೇ ಬರೆದು ಕೊಡಬೇಕು. ಇವತ್ತು ಮುಂಗಡ ಚೀಟಿ ತೆಗೆದುಕೊಂಡೆ. ದಲ್ಲೆ ಎಂದು ಬರೆದೆ. ಕಿಟಕಿಯ ಹೆಂಗಸು ತಲೆ ಎತ್ತಿಯೂ ನೋಡದೆ ಮುದ್ರೆ ಒತ್ತಿದಳು.

ಎಡಗಾಲಿನ ಶೂ ತರುತ್ತಿದ್ದೇನೆ. ನಿನ್ನ ಪೆಟ್ಟಿಗೆಯದಕ್ಕೆ ಇದು ಜೋಡಿ ಆಗುವುದಿಲ್ಲ, ನೋಡದೆಯೇ ಹೇಳಬಲ್ಲೆ. ಅದು ಹಳೆಯ ಅಚ್ಚು, ಇದು ಈ ಕಾಲದ್ದು, ಬಣ್ಣವೂ ಬೇರೆ. ಮಾದರಿ ಎಂದು ತಂದಿದ್ದರೆ ವಾಪಸು ಕಳಿಸುತ್ತಿದ್ದೆ. ಅವಳು ಹಾಗೆಲ್ಲ ನೋಡಲಾರಳು. ಎರಡು ಕಾಲಿಗೆ ಎರಡಿದ್ದರೆ ಸಾಕು. ಬಂಡೆಯ ಮೇಲೆ ಇಟ್ಟು, ಹೆಸರು ಕೂಗಿ ಕೊಟ್ಟುಬಿಡೋಣ. ಕೂಗಬೇಕಾದವಳು ನೀನು. ಇಷ್ಟು ವರ್ಷ ನಿನ್ನ ಬಾಯಿಗೆ ಬಾರದ ಹೆಸರು ಆ ದಿನ ಬರಬೇಕು.

ಸೊಪ್ಪಿನ ಸಾರು ಮಾಡಿಡು. ಮೂರು ಬಟ್ಟಲು. ಕಲ್ಲುಗೋಡೆಯ ಮೇಲೆ ಇಡಬೇಡ, ಒಳಗೆ ಇಡು, ಕದ ಹಾಕಬೇಡ.

ಹಡಗುಕಟ್ಟೆಗೆ ಬಂದು ನಿಂತಿರು. ಹಗ್ಗ ತರಬೇಡ ಅಕ್ಕಾ. ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿದುಕೋ.

ದಲ್ಲೆ